ದಸ್ತಗೀರ್ ಕೊಂಡ ಹಳೇ ಗೇಮ್ ಸೆಟ್ಟು

"ನೋಡಮ್ಮಾ, ಯಾವ್ದೇ ಸೆಟ್ಟು ಕೆಟ್ಟೋಗಿದೆ ಅಂತ ಬರ್ಲಿ, ಮೊದ್ಲು ಸೆಟ್ಟನ್ನ ಬೈಬಾರ್ದು. ನಮ್ ಉಸ್ತಾದ್ ಹೇಳ್ಕೊಟ್ಟಿದ್ದು ಅದು. ತಂದೋರು ನೂರು ಹೇಳ್ತಾರೆ. ಮಗು ಬೀಳಿಸ್ತು ಅಂತಾರೆ, ಇಲಿ ಕಡೀತು ಅಂತಾರೆ, ಪಕ್ಕದ ಮನೆಯೋರ ಕಣ್ಣು ಬಿತ್ತು ಅಂತಾನೂ ಅಂತಾರೆ. ಎಲ್ಲಾ ಕೇಳ್ಕೋಬೇಕು, ಒಂದನ್ನೂ ನಂಬಬಾರ್ದು. ಚೆನ್ನಾಗಿರೋ ವೈರ್ ಒಂದು ತಂದು ಹಾಕಿ ನೋಡು. ಸರಿಹೋಯ್ತಾ? ವೈರೇ ಕಳ್ಳ. ಹೋಗ್ಲಿಲ್ವಾ? ಹಳೇ ವೈರ್ ವಾಪಸ್ ಹಾಕಿ ಅಡಾಪ್ಟರ್ ಬದಲಾಯ್ಸಿ ನೋಡು. ಒಂದ್ ಸಲಕ್ಕೆ ಒಂದೇ ಬದಲಾಯಿಸ್ಬೇಕು. ಎರಡು ಒಟ್ಟಿಗೆ ಬದಲಾಯ್ಸಿದ್ರೆ ಸೆಟ್ಟು ಓಡುತ್ತೆ, ಆದ್ರೆ ಕಳ್ಳ ಯಾರು ಅಂತ ಗೊತ್ತಾಗಲ್ಲ. ನಾಳೆ ಮತ್ತೆ ಬರ್ತಾನೆ. ಈಗ ನನ್ ಕೈ ವಿಷ್ಯ ತಗೊಳ್ಳಿ. ಡಾಕ್ಟ್ರು ಏನ್ ಮಾಡಿದ್ರು? ಬೆರಳು ಚಾಚು ಅಂದ್ರು, ಮೂಗು ಮುಟ್ಕೋ ಅಂದ್ರು, ಆ ಗೋಡೆ ತನ್ಕ ನಡೆದು ಬಾ ಅಂದ್ರು. ನರದ ಕಾಯ್ಲೆ, ವಾಸಿಯಾಗಲ್ಲ ಅಂದ್ಬಿಟ್ರು. ಏನಾದ್ರೂ ಬದಲಾಯ್ಸಿ ನೋಡಿದ್ರಾ? ಇಲ್ಲ. ಅಂಗಡೀಲಿ ಎಸಿ ಗಾಳಿ ಸೀದಾ ಕೈ ಮೇಲೆ ಬೀಳುತ್ತೆ. ಲೆನ್ಸು ಹಳೇದು. ಕುರ್ಚಿ ಎತ್ತರ. ಇದ್ರಲ್ಲಿ ಯಾವನು ಕಳ್ಳ? ಅದಕ್ಕೇ ನಂಗೆ ಆ ಗೇಮ್ ಸೆಟ್ಟು ಬೇಕು. ಹುಡುಗ್ನಾಗಿದ್ದಾಗ ಮುನಿರೆಡ್ಡಿಪಾಳ್ಯದ ಶಟರ್ ಅಂಗಡೀಲಿ ಆಡ್ತಿದ್ವಲ್ಲ, ಟಿವಿಗೆ ಚುಚ್ಚಿ ಆಡೋದು, ಅದೇ ಸೆಟ್ಟು, ಅದೇ ಕ್ಯಾಸೆಟ್ಟು. ಅದ್ರಲ್ಲಿ ಮೂರು ಹಳ್ಳ ಬರುತ್ತೆ. ಇಷ್ಟು ವರ್ಷ ಆಯ್ತು, ಆ ಹಳ್ಳಗಳು ಒಂದಿಂಚು ಆಕಡೆ ಈಕಡೆ ಸರ್ದಿಲ್ಲ. ಈ ಊರಲ್ಲಿ ಜಾಗ ಬಿಟ್ಟು ಕದಲ್ದೇ ಇರೋದು ಅದೊಂದೇ ನೋಡಿ. ನನ್ ಹೆಬ್ಬೆರಳಿಗೆ ಅದು ಬಾಯಿಪಾಠ. ಹೆಬ್ಬೆರಳು ದಾಟಿಸಿದ್ರೆ ಕೈ ಚೆನ್ನಾಗಿದೆ ಅಂತ ಅರ್ಥ. ದಾಟಿಸ್ಲಿಲ್ಲ ಅಂದ್ರೆ... ದಾಟ್ಸುತ್ತೆ ಬಿಡಿ."

ಅವರೆಕಾಯಿ ಆಗತಾನೇ ಗಾಡಿಗಳ ಮೇಲೆ ಬರಲು ಶುರುವಾಗಿದ್ದ ದಿನಗಳಲ್ಲಿ, ನಮ್ಮ ವಠಾರದ ಜಗಲಿಯ ಮೇಲೆ ಕುಳಿತು ದಸ್ತಗೀರ್ ಹೇಳಿದ ಮಾತಿದು. ಸುಲ್ತಾನ್‌ಪಾಳ್ಯದಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವನ ಹೆಂಡತಿ ಸಬೀರಾ ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತದೆ, ನಾನು ಕೆಮ್ಮಿದರೆ ಅವಳು "ಅಮ್ಮಾ, ಬಿಸಿನೀರು ತರ್ಲಾ?" ಎಂದು ಆ ಕಡೆಯಿಂದಲೇ ಕೂಗುತ್ತಾಳೆ.

ಅವನ ಕೈ ನಡುಗುತ್ತದೆ ಎಂಬುದು ಮೊದಲು ತಿಳಿದದ್ದೂ ಆ ಗೋಡೆಯಿಂದಲೇ. ಬೆಳಗಿನ ಚಹಾ ಅವನಿಗೆ ಬಸಿಯ ಮೇಲಿಟ್ಟ ಕಪ್ಪಿನಲ್ಲೇ ಆಗಬೇಕಿತ್ತು. ಎಷ್ಟೋ ವರ್ಷ ಆ ಕಪ್ಪು ಬಸಿಯ ಮೇಲೆ ಒಂದೇ ಸಲ ಟಕ್ ಎಂದು ಕೂತು ಸುಮ್ಮನಾಗುತ್ತಿತ್ತು. ಹೋದ ಯುಗಾದಿಯ ಹೊತ್ತಿಗೆ ಅದು ಟಕಟಕಟಕ ಎನ್ನಲು ಶುರುವಾಯಿತು, ದೂರದಲ್ಲಿ ಯಾರೋ ಹೊಲಿಗೆ ಮಿಷನ್ ತುಳಿದ ಹಾಗೆ. ಆಮೇಲೆ ಒಂದು ದಿನ ಸದ್ದೇ ನಿಂತಿತು. ವಾಸಿಯಾಯಿತೇನೋ ಎಂದುಕೊಂಡೆ. ಸಬೀರಾ ಸ್ಟೀಲ್ ಲೋಟ ಕೊಡಲು ಶುರುಮಾಡಿದ್ದಳು, ಅಷ್ಟೇ.

ಅವನ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮುನಿರೆಡ್ಡಿಪಾಳ್ಯದ ಓಣಿಯಲ್ಲಿ ಕೆಂಡದ ಮುಂದೆ ಕೂತು ಮದುವೆಮನೆಯ ಕೊಪ್ಪರಿಗೆಗಳ ಒಳಗೆ ತವರ ಬಳಿಯುತ್ತಿದ್ದರಂತೆ. ಮಗನೂ ತವರವನ್ನೇ ಹಿಡಿದ, ಆದರೆ ಸಾಸಿವೆಯಷ್ಟು ಜಾಗಕ್ಕೆ ಕರಗಿಸಿ ಬಿಡುವ ಬೆಸುಗೆ ಕೆಲಸಕ್ಕೆ. ಉಸ್ತಾದರ ಟಿವಿ ರಿಪೇರಿ ಅಂಗಡಿ ಸೇರಿದಾಗ ಅವನಿಗೆ ಮೀಸೆ ಬಂದಿರಲಿಲ್ಲ. ಸೈಕಲ್ಲಿನ ಹಿಂದೆ ಟೂಲಿನ ಚೀಲ ಕಟ್ಟಿಕೊಂಡು ಹೆಬ್ಬಾಳ, ಗಂಗಾನಗರ, ದಿಣ್ಣೂರು ಎಲ್ಲ ಸುತ್ತಿದ. ನನ್ನ ಮನೆಯ ಡಬ್ಬಾ ಟಿವಿಯೂ ಎರಡು ಸಲ ಸತ್ತು ಅವನ ಕೈಯಲ್ಲಿ ಎದ್ದು ಕೂತಿದೆ. ಗೋಡೆಗೆ ತಗುಲಿಹಾಕುವ ಟಿವಿ ಬಂದ ಮೇಲೆ ರಿಪೇರಿ ಮಾಡಿಸುವವರೇ ಕಡಿಮೆಯಾದರು. ಅವನು ಆರ್.ಟಿ. ನಗರದ ಯೋಗಾನಂದನ ಮೊಬೈಲ್ ಅಂಗಡಿಗೆ ಹೋದ. ಅಲ್ಲಿ ಎಳ್ಳುಕಾಳಿಗಿಂತ ಸಣ್ಣ ಪಾರ್ಟುಗಳನ್ನು ಚಿಮಟದಲ್ಲಿ ಹಿಡಿದು, ಲೆನ್ಸಿನ ಕೆಳಗೆ ಕೂರಿಸುವ ಕೆಲಸ. ಬೇರೆ ಅಂಗಡಿಯವರು ಕೈಬಿಟ್ಟ ಫೋನುಗಳನ್ನೂ ಅಲ್ಲಿಗೇ ತರುತ್ತಿದ್ದರು.

ಆ ಪಾರ್ಟುಗಳು ಚಿಮಟದಿಂದ ಬೀಳಲು ಶುರುವಾದವು. ಮೊದಲು ಚಿಮಟ ಬದಲಾಯಿಸಿದ. ಆಮೇಲೆ ಕನ್ನಡಕ. ಆಮೇಲೆ ಸ್ವಲ್ಪ ದಿನ ಟೀ ಬಿಟ್ಟ, ಬೀಡಿ ಬಿಟ್ಟ. ಕೊನೆಗೆ ಯಾರದೋ ಫೋನಿನ ಬೋರ್ಡು ಸುಟ್ಟಿತು. ಯೋಗಾನಂದ ಒಳ್ಳೆಯ ಮನುಷ್ಯ, ಜೋರು ಮಾಡಲಿಲ್ಲ. ಮನೆಗೇ ಬಂದು ನನ್ನೆದುರೇ ಹೇಳಿದ:

"ಭಾಯ್, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ. ಸಂಕ್ರಾಂತಿ ಕಳೀಲಿ, ಮಾರನೇ ದಿನ ಬಂದು ಒಂದು ಬೋರ್ಡ್ ನನ್ನ ಮುಂದೆ ಮಾಡಿ ತೋರ್ಸಿ. ಅದು ಸರಿಯಾಗಿ ಆದ್ರೆ ಆ ಕುರ್ಚಿ ನೀವಿರೋ ತನಕ ನಿಮ್ದೇ. ಆಗಲ್ಲ ಅಂತ ನಿಮ್ಗೇ ಅನ್ನಿಸಿದ್ರೆ ಮೊದ್ಲೇ ಒಂದ್ ಮಾತು ಹೇಳ್ಬಿಡಿ. ನಾನೇ ಬಾಯ್ಬಿಟ್ಟು ಹೇಳೋ ಹಂಗೆ ಮಾಡ್ಬೇಡಿ, ನನ್ ಕೈಲಾಗಲ್ಲ."

ದಸ್ತಗೀರನಿಗೆ ಬೇಕಾಗಿದ್ದದ್ದು ಇಷ್ಟೇ. ಸಂಕ್ರಾಂತಿಗೆ ಮುಂಚೆ, ಯೋಗಾನಂದನ ಮುಂದೆ ಕೂರುವುದಕ್ಕೆ ಮುಂಚೆ, ಕಳ್ಳ ಕೈಯೋ ಬೇರೆಯದೋ ಎಂದು ತನಗೆ ತಾನೇ ತಿಳಿಯಬೇಕು.

ಗೇಮ್ ಸೆಟ್ಟನ್ನು ಅವನು ಫೋನಿನಲ್ಲಿ ಹುಡುಕಿದ. ಹುಣಸಮಾರನಹಳ್ಳಿಯಲ್ಲಿ ಶಿವರಾಮ್ ಎಂಬುವರು ಮಾರುತ್ತಿದ್ದರು. ಹೊರಡುವ ಹಿಂದಿನ ದಿನ ಸಬೀರಾ ನನ್ನ ಬಾಗಿಲಿಗೆ ಬಂದಳು. ಸೀರೆಗಳಿಗೆ ಫಾಲ್ಸ್ ಹಾಕಿ, ರವಿಕೆಗಳಿಗೆ ಹುಕ್ಕು ಹೊಲಿದು ಮನೆ ನಡೆಸುತ್ತಿದ್ದವಳು ಈಗ ಅವಳೇ. ಮಾತಾಡುವಾಗಲೂ ಬೆರಳಿನಲ್ಲಿ ಸೂಜಿ ಇರುತ್ತದೆ.

"ಅಮ್ಮಾ, ನೀವೂ ಬನ್ನಿ. ನಾನು ನಕ್ಕೋ, ಬೇಡ ಅಂದ್ರೆ ಕೇಳಲ್ಲ. ನೀವು ಜೊತೇಲಿದ್ರೆ ಒಂದ್ಸಲ ಯೋಚ್ನೆ ಮಾಡ್ತಾರೆ."

"ನಂಗೇನ್ ಗೊತ್ತವ್ವಾ ಅದ್ರ ವಿಸ್ಯ?"

"ಗೊತ್ತಿರೋದ್ ಬೇಡ. ಸುಮ್ನೆ ಕೂತಿರಿ ಸಾಕು. ನೀವು ಸುಮ್ನೆ ಕೂತ್ರೆ ಅವ್ರಿಗೆ ಭಯ."

ಮೂವರೂ ಬಸ್ಸಿನಲ್ಲಿ ಹೋದೆವು. ಯಲಹಂಕ ದಾಟುವವರೆಗೂ ಅವನು ಆ ಶಟರ್ ಅಂಗಡಿಯದೇ ಮಾತಾಡಿದ. ಗೇಮಿನಲ್ಲಿ ನೀಲಿ ಚಡ್ಡಿಯ ಒಬ್ಬ ಕುಳ್ಳ ಓಡುತ್ತಿರುತ್ತಾನೆ. ಅವನ ಹೆಸರು ಏನೋ ಚೀನಾ ಅಕ್ಷರದಲ್ಲಿತ್ತು, ಯಾರಿಗೂ ಓದಲು ಬರದು. ಹುಡುಗರೆಲ್ಲ ಅವನನ್ನು ಛೋಟು ಎಂದು ಕರೆದರು. ಮೂರು ಹಳ್ಳಗಳಲ್ಲಿ ಮೊದಲನೆಯದು ಯಾರಾದರೂ ದಾಟುವಂಥದ್ದು. ಎರಡಕ್ಕೂ ಮೂರಕ್ಕೂ ನಡುವೆ ಕಾಲಿಡಲು ಇರುವುದು ಇಟ್ಟಿಗೆಯಷ್ಟೇ ಜಾಗ. ಎರಡನೆಯದನ್ನು ದಾಟಲು ಬಟನ್ನನ್ನು ಚುಟುಕಾಗಿ ಒಂದು ಒತ್ತು, ಇಟ್ಟಿಗೆಯ ಮೇಲೆ ಕಾಲಿಟ್ಟ ತಕ್ಷಣ ಉದ್ದಕ್ಕೆ ಇನ್ನೊಂದು ಒತ್ತು. ಟಕ್, ಟಾಕ್. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ನನ್ ಕಣ್ಣಿಗೆ ಕರ್ಚೀಫ್ ಕಟ್ತಿದ್ರು ಅಮ್ಮಾ. ಕಟ್ಕೊಂಡೇ ದಾಟಿಸ್ತಿದ್ದೆ. ಮೂರೂ ದಾಟಿದ್ರೆ ಒಂದು ಗಂಟೆ ಹೊಡಿಯುತ್ತೆ, ಟಿಣ್ ಅಂತ. ರಸ್ತೇಲಿ ಹೋಗೋರಿಗೂ ಕೇಳ್ಸೋದು."

"ಇಸ್ಕೂಲ್ ಗಂಟೆ ಮಾತ್ರ ಕೇಳಿಸ್ಲಿಲ್ಲ ಇವ್ರಿಗೆ," ಎಂದಳು ಸಬೀರಾ.

ಶಿವರಾಮ್ ಅವರದು ಹೊಸದಾಗಿ ಕಟ್ಟಿದ ನಾಲ್ಕಂತಸ್ತಿನ ಕಟ್ಟಡ, ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ. ಹಳೆಯ ಮನೆ ಕೆಡವುವಾಗ ಸೆಟ್ಟು ಅಟ್ಟದಲ್ಲಿ ಸಿಕ್ಕಿತಂತೆ. ರಟ್ಟಿನ ಪೆಟ್ಟಿಗೆ ತೆರೆದು, ಥರ್ಮಾಕೋಲ್ ಸರಿಸಿ, ಕೂಸನ್ನು ಎತ್ತಿದ ಹಾಗೆ ಎತ್ತಿ ಟೀಪಾಯಿಯ ಮೇಲಿಟ್ಟರು. ಬಿಳಿಯ ಸೆಟ್ಟು ಹಳದಿಯಾಗಿತ್ತು. ಕೈಯಲ್ಲಿ ಹಿಡಿದು ಒತ್ತುವ ಎರಡು ಪ್ಯಾಡು, ಒಂದು ಅಡಾಪ್ಟರ್, ಒಂದೇ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲಿನ ಚಿತ್ರ ಅರ್ಧ ಕಿತ್ತುಹೋಗಿತ್ತು, ಆದರೆ ನೀಲಿ ಚಡ್ಡಿ ಉಳಿದಿತ್ತು. ಅದನ್ನು ನೋಡಿದ್ದೇ ದಸ್ತಗೀರ್ ಟೀಪಾಯಿಯ ಕಡೆಗೆ ಬಾಗಿದ.

"ಯಾರಿಗೆ ಸಾರ್, ಮಕ್ಕಳಿಗಾ?"

"ಹೂಂ. ಮಕ್ಕಳಿಗೆ."

ದಸ್ತಗೀರ್ ಸಬೀರಾರಿಗೆ ಇರುವುದು ಒಬ್ಬಳೇ ಮಗಳು, ನೂರೀನ್. ಮದುವೆಯಾಗಿ ಕೋಲಾರದಲ್ಲಿದ್ದಾಳೆ. ಸಬೀರಾ ನನ್ನ ಕಡೆ ನೋಡಿದಳು. ನಾನು ಟೀಪಾಯಿಯ ಕಡೆ ನೋಡಿದೆ.

"ಈಗಿನ ಮಕ್ಳು ಇದನ್ನ ಮೂಸೂ ನೋಡಲ್ಲ ಸಾರ್," ಎಂದರು ಶಿವರಾಮ್. "ನಮ್ ಮೊಮ್ಮಗಳು ನೋಡಿ, ತಾತಾ ಇದು ಇಡ್ಲಿ ಬೇಯ್ಸೋದಾ ಅಂದ್ಳು."

ಅವರು ವೈರುಗಳನ್ನು ತಮ್ಮ ಟಿವಿಗೆ ಚುಚ್ಚಿದರು. ಸೆಟ್ಟಿನ ಮೂಗಿನಲ್ಲಿ ಕೆಂಪು ದೀಪ ಹತ್ತಿತು. ಗೋಡೆಯ ತುಂಬ ಹಸಿರು ಕಾಡು, ಅದರ ನಡುವೆ ಕುಳ್ಳ ನಿಂತಲ್ಲೇ ಕಾಲು ಕುಣಿಸುತ್ತಿದ್ದ. ಶಿವರಾಮ್ ಪ್ಯಾಡನ್ನು ಮುಂದೆ ಹಿಡಿದರು. "ತಗೊಳ್ಳಿ, ಆಡಿ ನೋಡ್ಬಿಡಿ. ಆಮೇಲೆ ಓಡ್ತಿಲ್ಲ ಅಂತ ನನ್ನ ಬೈಬಾರ್ದು."

ದಸ್ತಗೀರನ ಬಲಗೈ ಜರ್ಕಿನ್ನಿನ ಜೇಬಿನೊಳಗಿತ್ತು. ಬಂದಾಗಿನಿಂದ ಅಲ್ಲೇ ಇತ್ತು.

"ಬೇಡ ಸಾರ್. ಲೈಟ್ ಬಂತಲ್ಲ, ಸಾಕು."

ಒಂದು ಬಲ್ಬು ಕೊಳ್ಳಬೇಕಾದರೂ ಅಂಗಡಿಯವನಿಂದ ನಾಲ್ಕು ಡಬ್ಬಿ ತೆಗೆಸಿ, ನಾಲ್ಕನ್ನೂ ಹೋಲ್ಡರಿಗೆ ಹಾಕಿಸಿ ನೋಡುವ ಆಸಾಮಿ ಅವನು. ಅವನ ಜೊತೆ ಸಂತೆಗೆ ಹೋಗುವುದೇ ಬೇಡ ಎಂದು ವಠಾರದವರು ನಗುತ್ತಾರೆ. ಅಂಥವನು ಆಡಿ ನೋಡದೆ ಹಣ ಕೊಟ್ಟ. ಸಬೀರಾ ಬೇಡ ಎನ್ನಲು ಬಂದಿದ್ದವಳು, ಪೆಟ್ಟಿಗೆಯನ್ನು ತಾನೇ ಎತ್ತಿ ಸೊಂಟಕ್ಕಿಟ್ಟುಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು, "ಯಾಕ್ ಜೀ, ಆಡಿ ನೋಡ್ಲಿಲ್ಲ?"

"ಅವ್ರ ಟಿವಿ ಸರಿಯಿಲ್ಲ."

ಅವಳು ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡಳು.

ಆ ಸಂಜೆ ಅವರ ಮನೆಯ ಗೋಡೆ ಟಿವಿಗೆ ಸೆಟ್ಟನ್ನು ಮೊದಲ ಸಲ ಚುಚ್ಚಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ದಸ್ತಗೀರ್ ಕ್ಯಾಸೆಟ್ಟನ್ನು ಬಾಯಿಯ ಹತ್ತಿರ ತಂದು, ಕೊಳಲು ಊದುವವನ ಹಾಗೆ ಈ ತುದಿಯಿಂದ ಆ ತುದಿಗೆ ಉಫ್ ಎಂದು ಊದಿದ. ಆಗಿನ ಹುಡುಗರೆಲ್ಲ ಹಾಗೆ ಊದಿಯೇ ಹಾಕುತ್ತಿದ್ದರಂತೆ. ಊದಿದ ಮೇಲೆ ಅವನೇ ನಕ್ಕ.

"ಊದ್ಬಾರ್ದು ಅಮ್ಮಾ. ಉಗುಳು ಬಿದ್ದು ಪಿನ್ ತುಕ್ಕಾಗುತ್ತೆ. ಗೊತ್ತಿದ್ರೂ ಬಾಯಿ ಕೇಳಲ್ಲ."

ಬಿಸ್ಮಿಲ್ಲಾ ಎಂದು ಬಟನ್ ಒತ್ತಿದ. ಛೋಟು ಓಡಿದ. ಮೊದಲನೇ ಹಳ್ಳ ದಾಟಿದ. ಎರಡನೆಯದರ ಆಚೆ ಇಟ್ಟಿಗೆಯ ಮೇಲೆ ಕಾಲಿಡದೆ ಸೀದಾ ಒಳಕ್ಕೆ ಹೋದ. ಬಿದ್ದಾಗ ಒಂದು ರಾಗ ಬರುತ್ತದೆ. ಮೆಟ್ಟಿಲಿಳಿದ ಹಾಗೆ ಮೇಲಿಂದ ಕೆಳಕ್ಕೆ ಇಳಿದು, ಕೊನೆಗೆ ಡೊಂಯ್ ಎಂದು ನಿಲ್ಲುತ್ತದೆ.

"ರೂಢಿ ತಪ್ಪಿದೆ," ಎಂದ ದಸ್ತಗೀರ್.

ಆಮೇಲಿನ ದಿನಗಳಲ್ಲಿ ಗೋಡೆಯಾಚೆಯಿಂದ ನನಗೆ ಕೇಳಿಸಿದ್ದೆಲ್ಲ ಆ ಇಳಿಯುವ ರಾಗವೇ. ಮೊದಲು ಅಡಾಪ್ಟರ್ ಬದಲಾಯಿಸಿದ. ರಾಗ. ವೈರು ಬದಲಾಯಿಸಿದ. ರಾಗ. ಕ್ಯಾಸೆಟ್ಟಿನ ಪಿನ್ನುಗಳನ್ನು ರಬ್ಬರಿನಿಂದ ಉಜ್ಜಿದ, ಸಬೀರಾಳ ಹತ್ತಿಯಿಂದ ಒರೆಸಿದ. ರಾಗ. ಒಂದು ಪ್ಯಾಡು ಬಿಟ್ಟು ಇನ್ನೊಂದು ಪ್ಯಾಡು ಹಿಡಿದ. ಅದಕ್ಕೂ ಅದೇ ರಾಗ. ರೊಟ್ಟಿ ತಟ್ಟುತ್ತಾ ತಟ್ಟುತ್ತಾ ನಾನು ಗಂಟೆಗಾಗಿ ಕಾಯುತ್ತಿದ್ದೆ. ಟಿಣ್ ಎನ್ನಲಿ ಎಂದು ನಮ್ಮ ದೇವರಿಗೂ ಹೇಳಿಕೊಂಡೆ, ಅವರ ದೇವರಿಗೂ ಹೇಳಿಕೊಂಡೆ.

ಒಂದು ಮಧ್ಯಾಹ್ನ ಸಬೀರಾಳ ದನಿ ಕೇಳಿಸಿತು. "ಇನ್ನೇನ್ ಉಳ್ದಿದೆ ಬದಲಾಯ್ಸೋಕೆ? ನನ್ನೊಬ್ಳನ್ನ ಬಿಟ್ಟಿದ್ದೀರಾ. ಬದಲಾಯ್ಸ್‌ಬಿಡಿ, ಸೆಟ್ಟು ಓಡ್ಬಹುದು."

"ನಿನ್ ಪಾರ್ಟು ಈಗ ಎಲ್ಲೂ ಸಿಗಲ್ಲ ಕಣೇ. ಇರೋದ್ರಲ್ಲೇ ಓಡಿಸ್ಬೇಕು."

ಇಬ್ಬರೂ ನಕ್ಕರು. ಗೋಡೆಯ ಈ ಕಡೆ ನಾನೂ ನಕ್ಕೆ.

ಸಂಕ್ರಾಂತಿ ಬಂತು. ಎಳ್ಳು ಬೀರಲು ಹೋದಾಗ ಅವನು ಟಿವಿಯ ಮುಂದೆ ಇರಲಿಲ್ಲ, ಕಿಟಕಿಯ ಹತ್ತಿರ ನಿಂತಿದ್ದ. ನನ್ನನ್ನು ನೋಡಿದ್ದೇ ಅವನ ಮುಖ ಅರಳಿತು.

"ಅಮ್ಮಾ! ಸಿಕ್ಬಿಟ್ಟ ಕಳ್ಳ. ನಾನೆಂಥ ದಡ್ಡ ನೋಡಿ. ಈ ಹೊಸ ಟಿವಿ ಇದೆಯಲ್ಲ, ಇದು ಯೋಚ್ನೆ ಮಾಡಿ ತೋರ್ಸುತ್ತೆ. ಒಳಗೆ ಕಂಪ್ಯೂಟರ್ ಇದೆ ಇದಕ್ಕೆ. ಹಳೇ ಸೆಟ್ಟಿಂದ ಬಂದ ಚಿತ್ರ ತಗೊಂಡು, ಹಿಗ್ಗಿಸಿ, ಬಣ್ಣ ಬಳ್ದು ಆಮೇಲೆ ಹೊರಗೆ ಬಿಡುತ್ತೆ. ನಾನು ಈಗ ಒತ್ತಿದ್ದು ಚೂರು ತಡವಾಗಿ ಕಾಣುತ್ತೆ. ಆ ಚೂರಲ್ಲೇ ಛೋಟು ಬೀಳೋದು! ನಿಮ್ ಡಬ್ಬಾ ಟಿವಿ ಹಂಗಲ್ಲ. ಅದು ಯೋಚ್ನೆನೇ ಮಾಡಲ್ಲ."

"ನನ್ನಂಗೇ ಅನ್ನು."

"ನಿಮ್ಮಂಗೇ ಅಮ್ಮಾ, ಕೊಟ್ಟಿದ್ದನ್ನ ಕೊಟ್ಟಂಗೇ ತೋರ್ಸುತ್ತೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಳೇ ಗೇಮು ಹೊಸ ಟಿವಿಯಲ್ಲಿ ತಡ ಮಾಡುತ್ತದೆ ಎಂದು ಯೋಗಾನಂದನೂ ಫೋನಿನಲ್ಲಿ ಹೇಳಿದನಂತೆ. ಆಗ ನನಗೂ ಆಸೆ ಹುಟ್ಟಿತು. ಇಷ್ಟು ದಿನ ಕೇಳಿದ ರಾಗವೆಲ್ಲ ಆ ಗೋಡೆ ಟಿವಿಯ ಪಾಪವಿರಬೇಕು, ಡಾಕ್ಟರೂ ಒಮ್ಮೊಮ್ಮೆ ತಪ್ಪುತ್ತಾರೆ ಎಂದುಕೊಂಡೆ. ಸಬೀರಾ ಎಳ್ಳಿನ ಪೊಟ್ಟಣ ಹಿಡಿದು ನಿಂತಿದ್ದವಳು, ಎಷ್ಟೋ ದಿನಗಳ ಮೇಲೆ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು ಬರಿಗೈಯಲ್ಲಿ ಕೂತಳು. ಎಳ್ಳು ಬಾಯಿಗೆ ಹಾಕಿಕೊಂಡು ಅವನು ಹೇಳಿದ, "ನಾಳೆ ಬೆಳಿಗ್ಗೆ ನಿಮ್ಮನೆಗೆ ತರ್ತೀನಿ. ಎಳ್ಳು ತಿಂದು ಒಳ್ಳೇ ಮಾತಾಡಿ ಅಂತೀರಲ್ಲ, ನಿಮ್ ಟಿವಿಗೂ ನಾಲ್ಕು ಕಾಳು ಹಾಕಿಡಿ. ಮಧ್ಯಾಹ್ನ ಯೋಗಾನಂದ್ ಮುಂದೆ ಕೂರ್ಬೇಕು ನಾನು."

ಆ ರಾತ್ರಿ ನಾನು ಅವರೆಕಾಳು ನೆನೆಹಾಕಿದೆ. ಅವನಿಗೆ ಹಿದುಕಿದ ಬೇಳೆ ಸಾರೆಂದರೆ ಪ್ರಾಣ.

ಬೆಳಿಗ್ಗೆ ಸಬೀರಾ ಮೊದಲು ಬಂದಳು. ನೆನೆದ ಕಾಳಿನ ಬೋಗುಣಿಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಹಿದುಕುತ್ತಾ ಕೂತೆವು. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹೊರಬರುತ್ತದೆ, ಸಿಪ್ಪೆ ಕೈಯಲ್ಲುಳಿಯುತ್ತದೆ. ಆಮೇಲೆ ಅವನು ಸೆಟ್ಟನ್ನು ಎದೆಗವಚಿಕೊಂಡು ಬಂದ. ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ಅದು ಹತ್ತುವವರೆಗೆ ಕಾದು ಬಂದಿದ್ದ. ಮುಖ ಕ್ಷೌರ ಮಾಡಿಕೊಂಡಿದ್ದ. ಗಲ್ಲದ ಮೇಲೆ ಎರಡು ಕಡೆ ಗಾಯವಾಗಿತ್ತು. ಕೆಲಸಕ್ಕೆ ಹೋಗುವಾಗ ಹಾಕುವ ಇಸ್ತ್ರಿ ಅಂಗಿ ತೊಟ್ಟಿದ್ದ.

ಹಳದಿ ಪಿನ್ನು ಹಳದಿಗೆ, ಬಿಳಿ ಪಿನ್ನು ಬಿಳಿಗೆ ಚುಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನಾವು ಬೋಗುಣಿಯ ಕಡೆ ನೋಡುತ್ತಾ ಹಿದುಕಿದೆವು. ಡಬ್ಬಾ ಟಿವಿ ಒಮ್ಮೆ ಗುಂಯ್ ಎಂದು ಮೈ ಕೊಡವಿ, ಕಾಡು ತೋರಿಸಿತು.

"ನೋಡಿ, ಬಣ್ಣ ನೋಡಿ ಅಮ್ಮಾ. ಇದು ಟಿವಿ!"

ಛೋಟು ಓಡಿದ. ಒಂದನೇ ಹಳ್ಳ ದಾಟಿದ. ಎರಡನೆಯದನ್ನೂ ದಾಟಿ ಇಟ್ಟಿಗೆಯ ಮೇಲೆ ನಿಂತ! ಸಬೀರಾಳ ಕೈಯಲ್ಲಿದ್ದ ಕಾಳು ಅಲ್ಲೇ ನಿಂತಿತು. ಆದರೆ ಛೋಟು ನಿಂತಿರಲಿಲ್ಲ. ಯಾರೂ ಹೇಳದೆಯೇ ನಿಂತಲ್ಲಿಂದ ಇನ್ನೊಂದು ಪುಟ್ಟ ನೆಗೆತ ನೆಗೆದು ಮೂರನೆಯದರೊಳಕ್ಕೆ ಹೋದ. ರಾಗ ಇಳಿಯಿತು.

ಇನ್ನೊಂದು ಸಲ. ಮತ್ತೊಂದು ಸಲ. ನಾನು ಅವನ ಕೈ ನೋಡಬಾರದೆಂದುಕೊಂಡೇ ನೋಡಿದೆ. ಹೆಬ್ಬೆರಳು ಬಟನ್ನನ್ನು ಒಮ್ಮೆ ಒತ್ತುತ್ತಿತ್ತು. ಒತ್ತಿ ಬಿಟ್ಟ ಮೇಲೂ ಅದು ಸುಮ್ಮನಿರದೆ, ಕಿಟಕಿ ಗಾಜಿಗೆ ನೊಣ ಬಡಿದ ಹಾಗೆ ಮತ್ತೆ ಮತ್ತೆ ತಾಗುತ್ತಿತ್ತು. ತಾಗಿದಷ್ಟು ಸಲ ಛೋಟು ಹಾರುತ್ತಿದ್ದ.

"ಡಬಲ್ ಹೊಡೀತಿದೆ," ಎಂದ ದಸ್ತಗೀರ್. "ಬಟನ್ ಕೆಳಗಿನ ರಬ್ಬರ್ ಸತ್ತೋಗಿದೆ. ಒಂದ್ಸಲ ಒತ್ತಿದ್ರೆ ಎರಡ್ಸಲ ತಗೋತಿದೆ."

ಇನ್ನೊಂದು ಪ್ಯಾಡು ಚುಚ್ಚಿದ. ಅದೂ ಡಬಲ್ ಹೊಡೆಯಿತು. ಎರಡು ಪ್ಯಾಡುಗಳ ರಬ್ಬರೂ ಒಂದೇ ರೀತಿ ಸಾಯುವುದುಂಟೇ ಎಂದು ನಮ್ಮಿಬ್ಬರಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಅವನು ಬಹಳ ಹೊತ್ತು ಸೆಟ್ಟನ್ನೇ ನೋಡಿದ. ಅಡಾಪ್ಟರ್ ಆಗಿತ್ತು, ವೈರು ಆಗಿತ್ತು, ಪಿನ್ನು, ಪ್ಯಾಡು, ಟಿವಿ ಎಲ್ಲ ಆಗಿತ್ತು. ಬದಲಾಯಿಸಿ ನೋಡದೆ ಉಳಿದಿದ್ದದ್ದು ಒಂದೇ.

ಅವನು ಪ್ಯಾಡನ್ನು ಸಬೀರಾಳ ಕಡೆ ಚಾಚಿದ. "ತಗೋ."

"ನಂಗೆ ನಕ್ಕೋ ಜೀ. ನಂಗೆ ಬರಲ್ಲ."

"ಬರೋದ್ ಬೇಡ. ಹೇಳ್ಕೊಡ್ತೀನಿ."

"ಆಗ ಹುಡ್ಗೀರ್ನ ನಿಮ್ ಶಟರ್ ಒಳಗೆ ಬಿಡ್ತಿರ್ಲಿಲ್ಲ, ಈಗ ಕರೀತೀರಾ? ನನ್ ಕೈಯೆಲ್ಲ ಅವರೆ ಲೋಳೆ."

"ಒರೆಸ್ಕೋ."

ಅವನ ದನಿ ಕೇಳಿ ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಪ್ಯಾಡು ಹಿಡಿದಳು. ಅವನು ತಾಳ್ಮೆಯಿಂದ ಹೇಳಿಕೊಟ್ಟ. ಇಲ್ಲಿ ಓಡಿಸು, ಇಲ್ಲಿ ಹಾರಿಸು, ಟಕ್, ಆಮೇಲೆ ಟಾಕ್. ಮೊದಲ ಸಲ ಅವಳು ಮೊದಲನೇ ಹಳ್ಳಕ್ಕೇ ಬೀಳಿಸಿದಳು. ಎರಡನೇ ಸಲ ಗಿಡಕ್ಕೆ ಗುದ್ದಿಸಿದಳು. "ಅರೆ ಬೇವಕೂಫ್, ಹಾರೋ! ಕಣ್ಣು ಕಾಣಲ್ವಾ ನಿಂಗೆ?" ಎಂದು ಛೋಟುವನ್ನು ಬೈದಳು. ಬೈಯುತ್ತಾ ಬೈಯುತ್ತಾ ಮುಂದಕ್ಕೆ ಬಾಗಿದಳು. ಛೋಟು ಹಾರಿದರೆ ಅವಳ ಹೆಗಲೂ ಹಾರುತ್ತಿತ್ತು. ಮತ್ತೆ ಬಿದ್ದ, ಮತ್ತೆ ಓಡಿದ. ಹೊಲಿಗೆಯ ಹೆಬ್ಬೆರಳು ಅದು, ದಿನವೆಲ್ಲ ಸೂಜಿಯ ತಲೆ ಒತ್ತಿ ಪಳಗಿದ್ದು. ಟಕ್ ಎಂದಿತು. ಛೋಟು ಇಟ್ಟಿಗೆಯ ಮೇಲೆ ಕಾಲಿಟ್ಟ. ಟಾಕ್ ಎಂದಿತು.

ಟಿಣ್.

ಇಷ್ಟು ದಿನ ನಾನು ಕಾದಿದ್ದ ಗಂಟೆ ನನ್ನ ಮನೆಯೊಳಗೇ ಹೊಡೆಯಿತು. ಸಬೀರಾ ಚಪ್ಪಾಳೆ ತಟ್ಟಿ ನಕ್ಕಳು. ನೂರೀನಳ ಮದುವೆಯ ಮೇಲೆ ಅವಳು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ಕೇಳಿರಲಿಲ್ಲ. "ಹೋದ ಅಮ್ಮಾ, ಹೋದ! ನೋಡಿದ್ರಾ?" ಎಂದು ನನ್ನ ಕಡೆ ತಿರುಗಿದಳು. ನನ್ನ ಮುಖ ನೋಡಿದಳು. ನಗು ಅಲ್ಲೇ ಕಡಿದುಹೋಯಿತು. ಪ್ಯಾಡು ಸುಟ್ಟಿತೇನೋ ಎಂಬಂತೆ ನೆಲಕ್ಕಿಟ್ಟಳು.

"ಸೆಟ್ ಚೆನ್ನಾಗಿದೆ," ಎಂದ ದಸ್ತಗೀರ್. ಗಿರಾಕಿಗಳಿಗೆ ಹೇಳುವ ದನಿಯಲ್ಲೇ ಹೇಳಿದ.

"ಇಲ್ಲ ಜೀ, ಸುಮ್ನೆ ಆಗೋಯ್ತು. ನಸೀಬು."

"ಇನ್ನೊಂದ್ಸಲ ಆಡು."

"ಬೇಡ."

"ಆಡು ಸಬೀರಾ. ಒಂದ್ಸಲ ಓಡಿದ್ರೆ ಸಾಲ್ದು, ಎರಡ್ಸಲ ನೋಡ್ಬೇಕು."

ಅವಳು ಆಡಿದಳು. ಮೊದಲನೇ ಹಳ್ಳದ ಅಂಚಿಗೆ ಬಂದು ಬೆರಳನ್ನು ಎತ್ತಿಹಿಡಿದಳು. ಛೋಟು ಹಾರದೆ ನಡೆದುಕೊಂಡೇ ಹೋಗಿ ಬಿದ್ದ. ರಾಗ ಇಳಿಯಿತು.

"ಬೇಕಂತ ಬೀಳಿಸ್ಬೇಡ," ಎಂದ. "ಸೆಟ್ಟಿಂದ ಸುಳ್ಳು ಹೇಳಿಸ್ಬಾರ್ದು."

ಸಬೀರಾಳ ಕಣ್ಣಲ್ಲಿ ನೀರಿತ್ತು. ಅವಳಿಗೆ ಟಿವಿ ಸರಿಯಾಗಿ ಕಂಡಿತೋ ಇಲ್ಲವೋ. ಆದರೂ ಹೆಬ್ಬೆರಳು ಕಲಿತುಬಿಟ್ಟಿತ್ತು. ಟಕ್, ಟಾಕ್. ಟಿಣ್.

ಅವನು ಟಿವಿ ಆರಿಸಿದ. ಎಡಗೈಯಲ್ಲಿ ಫೋನು ತೆಗೆದು, ನೆಲದ ಮೇಲಿಟ್ಟು, ಸ್ಪೀಕರ್ ಹಾಕಿ ಯೋಗಾನಂದನಿಗೆ ಮಾಡಿದ. ಫೋನನ್ನು ಕಿವಿಗೆ ಹಿಡಿದರೆ ಅದು ಕಿವಿಗೆ ಬಡಿಯುತ್ತದೆಂದು ಅವನು ಯಾವಾಗಲೂ ಹಾಗೇ ಮಾಡುತ್ತಿದ್ದ.

"ಹೇಳಿ ಭಾಯ್. ಎಷ್ಟೊತ್ತಿಗೆ ಬರ್ತೀರಾ? ಬೋರ್ಡ್ ತೆಗ್ದಿಟ್ಟಿದ್ದೀನಿ."

"ಬರಲ್ಲ ಯೋಗಾನಂದ್. ಫಾಲ್ಟ್ ಸಿಕ್ತು."

"ರಿಪೇರಿ ಆಗುತ್ತಾ ಭಾಯ್?"

"ಇಲ್ಲ. ಇದಕ್ಕೆ ಪಾರ್ಟ್ ಬರಲ್ಲ. ನೀವು ಬೇರೆಯೋರ್ನ ನೋಡ್ಕೊಳ್ಳಿ. ನನ್ ಚಿಮಟಗಳು ಡ್ರಾಯರಲ್ಲಿವೆ, ಬಂದೋರಿಗೆ ಕೊಡಿ. ಒಳ್ಳೇವು."

"ಒಂದ್ಸಲ ಬನ್ನಿ ಭಾಯ್, ಟೀ ಆದ್ರೂ ಕುಡಿಯೋಣ."

"ಬರ್ತೀನಿ," ಎಂದ ದಸ್ತಗೀರ್. ಟೀ ಕುಡಿಯಲು ಅವನು ಹೋಗುವುದಿಲ್ಲ ಎಂಬುದು ನಮಗೆ ಮೂವರಿಗೂ ಗೊತ್ತಿತ್ತು. ಯೋಗಾನಂದನಿಗೂ ಗೊತ್ತಿದ್ದಿರಬೇಕು.

ನಾನು ಏನಾದರೂ ಹೇಳಬೇಕಿತ್ತು. "ಮಾತ್ರೆ ಬಿಡ್ದಂಗೆ ತಗೊಂಡ್ರೆ ಕಮ್ಮಿ ಆದಾತು ಕಣಪ್ಪಾ," ಎಂದೆ.

"ತಗೋತೀನಿ ಅಮ್ಮಾ. ಅದು ತಳ್ಕೊಂಡ್ ಹೋಗುತ್ತೆ ಅಷ್ಟೇ, ಡಾಕ್ಟ್ರು ಅವತ್ತೇ ಹೇಳಿದ್ರು." ಅವನು ವೈರುಗಳನ್ನು ಕಿತ್ತು ಸುತ್ತತೊಡಗಿದ. ಸುತ್ತು ಸುತ್ತೂ ಸಡಿಲವಾಗಿ ಜಾರಿ ಬೀಳುತ್ತಿತ್ತು. ಸಬೀರಾ ಕೈ ಚಾಚಿದಳು, ಅವನು ಕೊಡಲಿಲ್ಲ. ಕೊನೆಗೆ ಸುತ್ತದೆಯೇ ಹಾಗೇ ಮುದ್ದೆ ಮಾಡಿ ಪೆಟ್ಟಿಗೆಯೊಳಗೆ ತುರುಕಿ, ಪೆಟ್ಟಿಗೆಯನ್ನು ನನ್ನ ಟಿವಿಯ ಮೇಲಿಟ್ಟ. "ಇಲ್ಲೇ ಇರ್ಲಿ. ನಮ್ಮನೇಲಿ ಜಾಗ ಇಲ್ಲ."

ಇಸ್ತ್ರಿ ಅಂಗಿಯ ತೋಳು ಮಡಿಸಲು ನೋಡಿದ. ಒಂದು ಮಡಿಕೆ ಬಂತು, ಇನ್ನೊಂದು ಬರಲಿಲ್ಲ, ಬಿಟ್ಟ. ಆಮೇಲೆ ನಮ್ಮ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತು ಬೋಗುಣಿಯನ್ನು ತನ್ನ ಕಡೆ ಎಳೆದುಕೊಂಡ.

"ನೀನ್ ಯಾಕಪ್ಪಾ, ನಾವ್ ಮಾಡ್ತೀವಿ."

"ಕೊಡಿ ಇತ್ಲಾಗೆ. ಮಧ್ಯಾಹ್ನ ಏನ್ ಕೆಲ್ಸ ಇದೆ ನಂಗೆ?"

ಅವನು ಒತ್ತಿದ ಬೇಳೆಗಳು ಪಾತ್ರೆಗೆ ಬೀಳುತ್ತಿರಲಿಲ್ಲ. ಒಂದು ಬಾಗಿಲ ಕಡೆ ಹಾರಿತು, ಒಂದು ಟಿವಿ ಸ್ಟ್ಯಾಂಡಿನ ಕೆಳಗೆ ಹೋಯಿತು, ಕೆಲವು ಸಿಪ್ಪೆಯ ಸಮೇತ ಅಪ್ಪಚ್ಚಿಯಾದವು. ಸಬೀರಾ ಎದ್ದು ಹಾರಿದ್ದನ್ನೆಲ್ಲ ಹೆಕ್ಕಿ, ತೊಳೆದು ತಂದು ಹಾಕಿದಳು. ನಾನು ಪಾತ್ರೆಯನ್ನು ಅವನ ಕೈಗೆ ಇನ್ನಷ್ಟು ಹತ್ತಿರ ಸರಿಸಿದೆ. ಬೋಗುಣಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಕಾಳು ಉಳಿದಿತ್ತು. ಸಬೀರಾ ಮತ್ತೆ ಬಂದು ಕೂತು ಒಂದು ಹಿಡಿ ತೆಗೆದುಕೊಂಡಳು, ನಾನೊಂದು ಹಿಡಿ ತೆಗೆದುಕೊಂಡೆ. ಸಿಪ್ಪೆ ಈ ಕಡೆ, ಬೇಳೆ ಆ ಕಡೆ ಹಾಕುತ್ತಾ ಮೂವರೂ ಹಿದುಕಿದೆವು.